ಹಾರ್ಪ್ಸಿಕಾರ್ಡ್ ಇಲ್ಲದೆ ಕೊರೆಲ್ಲಿ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲು ಕಲಿಯುತ್ತಿರುವ ನಾನು ಇಟಲಿಯ ಬರೋಕ್ ಕಾಲದ ರಚನೆಕಾರ ಕೊರೆಲ್ಲಿಯ ಐದನೆಯ ಓಪಸ್‌ನಿಂದ (ಪ್ರಕಟಿತ ಕೃತಿಗುಚ್ಛದಿಂದ) ಒಂದು ಸೊನಾಟಾ, ಎಂದರೆ ಹಲವು ಭಾಗಗಳ ವಾದ್ಯರಚನೆ, ನುಡಿಸಬೇಕೆಂದಿದ್ದೇನೆ. ಪಿಟೀಲಿನ ಸಾಲಿನ ಕೆಳಗೆ ಒಂದು ಬಾಸ್ (ಕೆಳಸ್ಥಾಯಿಯ) ಸಾಲೂ ಅದಕ್ಕೆ ಸೇರಿಸಿದ ಅಂಕಿಗಳೂ ಮಾತ್ರ ಇವೆ. ಅದನ್ನು ನುಡಿಸುವ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಬೋರ್ಡ್ ವಾದ್ಯ) ಸಿಗುವಂತಿಲ್ಲ, ಚೆಲ್ಲೊ ನುಡಿಸುವ ಗೆಳತಿಯಿದ್ದಾಳೆ, ಅಣ್ಣನ ಬಳಿ ಡಿಜಿಟಲ್ ಪಿಯಾನೊ ಇದೆ. ಎಲ್ಲಿಂದ ಆರಂಭಿಸಬೇಕು?

ಚೆಲ್ಲೊ ವಾದಕರ ಉತ್ತರ: ಗೆಳತಿಯಿದ್ದರೆ ಅರ್ಧ ಕೆಲಸ ಮುಗಿದಂತೆಯೇ. 1700ರಲ್ಲಿ ರೋಮ್‌ನಲ್ಲಿ ಪ್ರಕಟವಾದ ಈ ಹನ್ನೆರಡು ಸೊನಾಟಾಗಳ ಶೀರ್ಷಿಕೆ ಪುಟದಲ್ಲಿಯೇ ಪಿಟೀಲಿನ ಜೊತೆಗೆ ‘ವಯೊಲೊನೆ ಅಥವಾ ಚಿಂಬಲೊ’, ಎಂದರೆ ತಂತಿಯ ಬಾಸ್ ವಾದ್ಯ ಅಥವಾ ಹಾರ್ಪ್ಸಿಕಾರ್ಡ್, ಎಂದಿದೆ. ಆ ‘ಅಥವಾ’ವನ್ನು ನಂಬಿ ನಾವು ಒಂದಿಡೀ ಮಳೆಗಾಲ ಚೆಲ್ಲೊ ಮತ್ತು ಪಿಟೀಲು ಎರಡರಲ್ಲೇ ನುಡಿಸಿದೆವು; ಏನೂ ಕೊರತೆಯೆನಿಸಲಿಲ್ಲ. ಕರ್ನಾಟಕ ಸಂಗೀತದ ಪಕ್ಕವಾದ್ಯದ ಪಿಟೀಲಿನಂತೆ ಈ ಬಾಸ್ ಮುಖ್ಯ ವಾದ್ಯವನ್ನು ನೆರಳಿನ ಹಾಗೆ ಹಿಂಬಾಲಿಸುವುದಿಲ್ಲ, ತನ್ನ ದಾರಿಯಲ್ಲಿ ತಾನು ನಡೆಯುತ್ತದೆ. ಆದ್ದರಿಂದ ಇಬ್ಬರೂ ಒಮ್ಮೆ ಸಾಲುಗಳನ್ನು ಅದಲುಬದಲು ಮಾಡಿಕೊಂಡು ಹಾಡಿ ನೋಡುವುದು ಒಳ್ಳೆಯದು.

ಕೀಬೋರ್ಡ್ ವಾದಕರ ಉತ್ತರ: ಅಂಕಿಗಳಿಗೆ ಹೆದರಬೇಕಾಗಿಲ್ಲ. ಬಾಸ್ ಸ್ವರವನ್ನು ಒಂದೆಂದು ಹಿಡಿದು ಮೇಲಕ್ಕೆ ಎಣಿಸುವುದಷ್ಟೇ. ‘ಇ’ ಸ್ವರಕ್ಕೆ 6 ಎಂದಿದ್ದರೆ ಅದರ ಆರನೆಯದಾದ ‘ಸಿ’ಯನ್ನು, ಜೊತೆಗೆ ಬರೆಯದಿದ್ದರೂ ಮೂರನೆಯದಾದ ‘ಜಿ’ಯನ್ನು ನುಡಿಸಬೇಕು, ಅಂಕಿಯೇ ಇಲ್ಲದಿದ್ದರೆ ಮೂರು ಮತ್ತು ಐದು. ನಾನು ಮೊದಲ ಸಲ ಪೆಡಲ್ ಒತ್ತಿ ಎರಡೂ ಕೈಗಳಲ್ಲಿ ತುಂಬು ಸ್ವರಮೇಳಗಳನ್ನು ಬಾರಿಸಿ ಪಿಟೀಲನ್ನೇ ಮುಳುಗಿಸಿಬಿಟ್ಟೆ. ಎಡಗೈಗೆ ಬಾಸ್, ಬಲಗೈಗೆ ಎರಡೋ ಮೂರೋ ಸ್ವರ, ಪೆಡಲ್ ಬೇಡವೇ ಬೇಡ. ಈಗಿನ ಮುದ್ರಣಗಳಲ್ಲಿ ಬಲಗೈಗೆ ಬರೆದುಕೊಟ್ಟಿರುವುದು ಸಂಪಾದಕರ ರಚನೆಯೇ ಹೊರತು ಕೊರೆಲ್ಲಿಯದಲ್ಲ. ಹೆಚ್ಚೆನಿಸಿದ್ದನ್ನು ಸಂಕೋಚವಿಲ್ಲದೆ ಬಿಡಬಹುದು.

ಪಿಟೀಲು ವಾದಕರ ಉತ್ತರ: ಮೊದಲ ಆರು ಸೊನಾಟಾಗಳ ವೇಗದ ಭಾಗಗಳಲ್ಲಿ ಎರಡು ತಂತಿಗಳನ್ನು ಒಟ್ಟಿಗೆ ನುಡಿಸಬೇಕಾದ, ಒಂದೇ ಎಳೆ ಒಂದರ ಹಿಂದೊಂದಾಗಿ ಬೇರೆ ಬೇರೆ ಸಾಲುಗಳಲ್ಲಿ ಬರುವ ಫ್ಯೂಗ್‌ಗಳಿರುವುದರಿಂದ ಇ ಮೈನರ್‌ನ ಎಂಟನೆಯದನ್ನು ಆರಿಸಿಕೊಳ್ಳುವುದು ಲೇಸು. 1710ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಸ್ಟಿಯೆನ್ ರೋಜೆ ಹೊರತಂದ ಮುದ್ರಣದಲ್ಲಿ ಆ ಮೊದಲ ಆರರ ನಿಧಾನ ಭಾಗಗಳಿಗೆ ಸ್ವತಃ ಕೊರೆಲ್ಲಿ ನುಡಿಸುತ್ತಿದ್ದರೆನ್ನಲಾದ ಅಲಂಕಾರಗಳಿವೆ. ಅವನ್ನು ನೋಡಿ ಹುರುಪುಗೊಂಡ ನಾನು, ಬಾಸ್ ಕಡೆಗೆ ಕಣ್ಣು ಹಾಯಿಸದೆ, ನಿಧಾನ ಭಾಗಗಳಿಗೆಲ್ಲ ಬಿರ್ಕಾಗಳನ್ನು (ಬಿರುಸಿನ ಸ್ವರಗುಚ್ಛಗಳನ್ನು) ತುಂಬಿದೆ. ಬಾಸ್‌ಗೆ 4 3 ಎಂದಿದ್ದ ಕಡೆ ನಾಲ್ಕನೆಯ ಸ್ವರ ತಡೆದು ನಿಂತು ಆಮೇಲೆ ಮೂರಕ್ಕೆ ಇಳಿಯಬೇಕು. ನಾನು ಮೊದಲೇ ಇಳಿದುಬಿಡುತ್ತಿದ್ದುದರಿಂದ ಇಡೀ ಎಳೆತವೇ ಸಪ್ಪೆಯಾಗುತ್ತಿತ್ತು. ಈಗ ಅಂಕಿಗಳನ್ನು ನನ್ನ ಸಾಲಿನ ಮೇಲೂ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಧನ್ಯವಾದಗಳು. ಎಂಟನೆಯ ಸೊನಾಟಾದ ಮೊದಲ ಲಾರ್ಗೊವನ್ನು (ನಿಧಾನ ಭಾಗವನ್ನು) ಈ ವಾರ ಚೆಲ್ಲೊದೊಂದಿಗೆ ಮಾತ್ರ ನುಡಿಸುತ್ತೇವೆ. ಅಣ್ಣನಿಗೆ ಅಷ್ಟರಲ್ಲಿ ಎಣಿಸಲು ಕಲಿಸುತ್ತೇನೆ.