ಪದ್ಮಿನಿಯ ತಳಕ್ಕೆ ಅಂಡರ್‌ಕೋಟಿಂಗ್: ಹಳೇದನ್ನು ಪೂರ್ತಿ ಕೀಳಲೇಬೇಕಾ?

ಬಳ್ಳಾರಿ_ಪದ್ಮಿನಿ:
1984ರ ಪ್ರೀಮಿಯರ್ ಪದ್ಮಿನಿ ಕಾರು. ತಳಕ್ಕೆ ಅಂಡರ್‌ಕೋಟಿಂಗ್, ಅಂದರೆ ತುಕ್ಕು ತಡೆಯೋ ದಪ್ಪ ಲೇಪ, ಹೊಡೆಸಬೇಕು. ಫ್ಲೋರ್ ತೂತು ಬಿದ್ದ ಕಡೆ ಕತ್ತರಿಸಿ ಹೊಸ ಶೀಟ್ ವೆಲ್ಡ್ ಆಗಿದೆ. ಉಳಿದ ತಳದಲ್ಲಿ ಹಳೇ ಡಾಂಬರು ಕೋಟಿಂಗ್ ಗಟ್ಟಿಯಾಗೇ ಕಾಣ್ತಿದೆ. ಅದರ ಮೇಲೇ ಹೊಸದು ಹೊಡೆಸಬಹುದಾ? ಎಷ್ಟು ಲೀಟರ್ ಬೇಕು? ಗಾಡಿ ಸಂಡೂರು ಕಡೆ ಅದಿರು ಧೂಳಿನಲ್ಲಿ ಓಡುತ್ತೆ. ಮೇ ತಿಂಗಳಲ್ಲೇ ಮುಗಿಸಬೇಕು ಅಂತಿದೆ.

ತೋರಣಗಲ್ಲು_ವರ್ಕ್‌ಶಾಪ್:
ಬೇಡವೇ ಬೇಡ. ಸ್ಕ್ರೂಡ್ರೈವರ್ ಹಿಡಿಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಡಾಂಬರು ತಗಡು ಬಿಟ್ಟು ಎದ್ದಿದೆ. ಆ ಸಂದಿಯಲ್ಲಿ ನೀರು ಎಳೆದುಕೊಂಡು ಒಳಗೊಳಗೇ ತುಕ್ಕು ತಿನ್ನುತ್ತೆ, ಹೊರಗೆ ಏನೂ ಗೊತ್ತಾಗಲ್ಲ. ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ. ಹೀಟ್ ಗನ್‌ನಿಂದ ಮೆತ್ತಗಾಗುವಷ್ಟೇ ಬಿಸಿ ಮಾಡಿ ಸ್ಕ್ರೇಪರ್ ಪಟ್ಟಿಯಿಂದ ಕೆರೆಯಿರಿ, ಹೊಗೆ ಬಂದರೆ ಕಾವು ಹೆಚ್ಚಾಯ್ತು ಅಂತ ಅರ್ಥ. ಉಳಿದ ಜಿಡ್ಡನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ಅದು ಆರಿದ ಮೇಲೇ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ. ಕಿಡಿ ಹಾರುತ್ತೆ, ಆತುರ ಬೇಡ. ಗುಳಿಯಲ್ಲಿ ಕೂತ ತುಕ್ಕಿಗೆ ಫಾಸ್ಫಾರಿಕ್ ಆ್ಯಸಿಡ್ ಹಚ್ಚಿ ತೊಳೆದು ಪೂರ್ತಿ ಒಣಗಿಸಿ. ಆ್ಯಸಿಡ್ ಉಳಿದರೆ ಮೇಲೆ ಹೊಡೆಯೋ ಎಪಾಕ್ಸಿ ಹಿಡಿಯಲ್ಲ. ಆಮೇಲೆ ಟು-ಪ್ಯಾಕ್ ಎಪಾಕ್ಸಿ ಪ್ರೈಮರ್ (ಎರಡು ಡಬ್ಬಿಯದನ್ನು ಬೆರೆಸಿ ಹೊಡೆಯೋ ಮೊದಲ ಪದರದ ಪೇಂಟ್) ಎರಡು ಕೋಟ್, ಅದರ ಮೇಲೆ ವೆಲ್ಡ್ ಜೋಡಣೆಗಳಿಗೆಲ್ಲ ಪಿಯು (ಪಾಲಿಯುರೆಥೇನ್) ಸೀಲರ್, ಅಂದರೆ ಸಂದಿ ಮುಚ್ಚೋ ಅಂಟು. ಬರಿ ತಗಡಿಗೆ ಸೀಲರ್ ಹಾಕಬೇಡಿ.

ಕೊಪ್ಪಳ_ಪೇಂಟ್:
ಲೆಕ್ಕ ಸುಲಭ. 1 ಚದರ ಮೀಟರ್‌ಗೆ 1 ಮಿ.ಮೀ. ಹಸಿ ಪದರ ಅಂದರೆ 1 ಲೀಟರ್. ಪದ್ಮಿನಿ ತಳ, ವೀಲ್ ಆರ್ಚ್ ಸೇರಿ ಸುಮಾರು 6 ಚದರ ಮೀಟರ್ ಹಿಡಿಯಿರಿ. ಅಲ್ಲಿಗೆ 6 ಲೀಟರ್, ಗಾಳಿಗೆ ಹಾರಿ ಹೋಗೋದು ಸೇರಿ 7 ಲೀಟರ್ ತರಿಸಿ. ರಬ್ಬರೈಸ್ಡ್ (ರಬ್ಬರ್ ಬೆರೆಸಿದ) ಅಂಡರ್‌ಕೋಟಿಂಗ್‌ಗೆ ಶುಟ್ಜ್ ಗನ್ (ದಪ್ಪ ಕೋಟಿಂಗ್ ಹೊಡೆಯೋ ಸ್ಪ್ರೇ ಗನ್), ಗಾಳಿ ಒತ್ತಡ 60ರಿಂದ 80 ಪಿಎಸ್‌ಐ, ಒಂದು ಗೇಣು ದೂರ. ಒಂದೇ ಸಲ ದಪ್ಪ ಹೊಡೆಯದೆ ಎರಡು ಮೂರು ತೆಳು ಕೋಟ್‌ನಲ್ಲಿ ಮುಗಿಸಿ.

ನಿಮ್ಮ ಮೇ ತಿಂಗಳ ಬಿಸಿಲೇ ಇಲ್ಲಿ ಶತ್ರು. ಕಾದ ತಗಡಿನ ಮೇಲೆ ಹೊಡೆದರೆ ಮೇಲ್ಪದರ ಬೇಗ ಚರ್ಮ ಕಟ್ಟುತ್ತೆ, ಒಳಗಿನ ಸಾಲ್ವೆಂಟ್ ಹೊರಬರಲಾಗದೆ ಗುಳ್ಳೆ ಏಳುತ್ತೆ. ಬೆಳಗ್ಗೆ ಎಂಟರೊಳಗೆ ನೆರಳಿನಲ್ಲಿ ಹೊಡೆಸಿ. ಎಪಾಕ್ಸಿ ಹೊಡೆದು ಡಬ್ಬಿಯಲ್ಲಿ ಹೇಳಿದ ರೀಕೋಟ್ ಅವಧಿ (ಮುಂದಿನ ಕೋಟ್ ಹೊಡೆಯಲು ಇರೋ ಸಮಯ) ದಾಟಿದ್ದರೆ ಕೆಂಪು ಸ್ಕಾಚ್‌ಬ್ರೈಟ್ ಉಜ್ಜುಪಟ್ಟಿಯಿಂದ ಉಜ್ಜಲೇಬೇಕು.

ಬಳ್ಳಾರಿ_ಪದ್ಮಿನಿ:
ಕೆಲವರು ಹಳೇ ಎಂಜಿನ್ ಆಯಿಲ್ ಬಳಿದರೆ ಸಾಕು ಅಂತಾರಲ್ಲ?

ಸಿಂಧನೂರು_ಕ್ಲಾಸಿಕ್:
ಆಯಿಲ್‌ಗೆ ಸಸ್ಪೆನ್ಷನ್‌ನ ರಬ್ಬರ್ ಬುಷ್ ಉಬ್ಬುತ್ತೆ, ಅದಿರು ಧೂಳು ಮೆತ್ತಿಕೊಂಡು ಮಳೆ ನೀರನ್ನು ಹಿಡಿದಿಡುತ್ತೆ. ನಮ್ಮ ಕಡೆ ಗದ್ದೆ ದಾರಿಯ ಎರೆ ಮಣ್ಣಿನದೂ ಅದೇ ಕಾಟ, ವೀಲ್ ಆರ್ಚ್ ಒಳಮಡಿಕೆಯಲ್ಲಿ ಕೂತರೆ ವಾರಗಟ್ಟಲೆ ಒಣಗಲ್ಲ.

ಇನ್ನೊಂದು ಮಾತು ಯಾರೂ ಹೇಳಿಲ್ಲ. ಬಾಗಿಲ ಕೆಳಗಿನ ಸಿಲ್ ಒಳಗೆ ಟೊಳ್ಳು, ಅಲ್ಲಿಗೆ ಅಂಡರ್‌ಕೋಟ್ ಹೋಗಲ್ಲ. ಉದ್ದ ನಳಿಕೆಯ ಗನ್‌ನಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗದ ಒಳಗೆ ಹೊಡೆಯೋ ತುಕ್ಕು ತಡೆಯೋ ಮೇಣ) ಹೊಡೆಸಿ, ಕೆಳಗಿನ ಡ್ರೈನ್ ತೂತಿನಿಂದ ತೊಟ್ಟಿಕ್ಕುವವರೆಗೆ. ಅಂಡರ್‌ಕೋಟ್ ಹೊಡೆಯೋ ಮೊದಲು ಆ ತೂತುಗಳಿಗೆ ಬೆಣೆ ಸಿಕ್ಕಿಸಿಟ್ಟು ಆಮೇಲೆ ತೆಗೆಯಿರಿ. ಮುಚ್ಚಿಹೋದರೆ ಸಿಲ್ ನೀರಿನ ತೊಟ್ಟಿ ಆಗುತ್ತೆ. ಸೈಲೆನ್ಸರ್, ಬ್ರೇಕ್ ಡ್ರಮ್, ಹ್ಯಾಂಡ್‌ಬ್ರೇಕ್ ಕೇಬಲ್, ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಒಯ್ಯುವ ತಿರುಗುವ ದಂಡ), ಗ್ರೀಸ್ ನಿಪ್ಪಲ್ ಎಲ್ಲಕ್ಕೂ ಮಾಸ್ಕಿಂಗ್ ಹಾಕಿ, ಅಂದರೆ ಕೋಟಿಂಗ್ ತಾಗದಂತೆ ಮುಚ್ಚಿಡಿ. ಶಾಫ್ಟ್ ಮೇಲೆ ಒಂದು ಕಡೆ ಕೋಟಿಂಗ್ ಕೂತರೂ ಬ್ಯಾಲೆನ್ಸ್ ತಪ್ಪಿ ಗಾಡಿ ನಡುಗುತ್ತೆ.