ಅಪ್‌ಡೇಟ್: ಲ್ಯಾಂಬ್ಡಾ ಫಂಕ್ಷನ್‌ನ 502 ಸಮಸ್ಯೆ ಬಗೆಹರಿಯಿತು

ಅಮೆಜಾನ್ ಕ್ಲೌಡ್‌ನಲ್ಲಿ (ಎಡಬ್ಲ್ಯೂಎಸ್) ಎಪಿಐ ಗೇಟ್‌ವೇಯ (ವೆಬ್ ಕೋರಿಕೆಗಳನ್ನು ಕೋಡಿಗೆ ತಲುಪಿಸುವ ಸೇವೆ) ರೆಸ್ಟ್ ಎಪಿಐ ಮೂಲಕ ಪೈಥಾನ್ ಲ್ಯಾಂಬ್ಡಾ ಫಂಕ್ಷನ್ (ನಾವು ಸರ್ವರ್ ನಿರ್ವಹಿಸದೆಯೇ ಓಡುವ ಕೋಡ್) ಕರೆದಾಗಲೆಲ್ಲ ಬ್ರೌಸರ್‌ನಲ್ಲಿ 502 (ಗೇಟ್‌ವೇಗೆ ಸರಿಯಾದ ಉತ್ತರ ಸಿಗಲಿಲ್ಲವೆಂಬ ದೋಷ) ಬರುತ್ತಿದ್ದರೂ ಫಂಕ್ಷನ್‌ನ ಲಾಗ್‌ನಲ್ಲಿ ಯಾವ ದೋಷವೂ ಕಾಣುತ್ತಿಲ್ಲವೆಂದು ಕೇಳಿದ್ದೆ. ಈಗ ಸರಿಹೋಗಿದೆ.

ಟೈಮ್‌ಔಟನ್ನು (ಫಂಕ್ಷನ್ ಓಡಬಹುದಾದ ಗರಿಷ್ಠ ಸಮಯ) ಡೀಫಾಲ್ಟ್ 3 ಸೆಕೆಂಡಿಗಿಂತ ಹೆಚ್ಚಿಸುವ ಸಲಹೆಯಿಂದ ಪ್ರಯೋಜನವಾಗಲಿಲ್ಲ. ಫಂಕ್ಷನ್ ಕ್ಷಣಾರ್ಧದಲ್ಲಿ ಮುಗಿಯುತ್ತಿತ್ತು. ಅನುಮತಿಗಳೂ ಸರಿಯಾಗಿಯೇ ಇದ್ದವು. ಫಲ ಕೊಟ್ಟದ್ದು ‘ಉತ್ತರದ ಬಾಡಿ (ಮುಖ್ಯ ಭಾಗ) ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿದೆಯೇ ನೋಡಿ’ ಎಂದವರ ಮಾತು. ಲ್ಯಾಂಬ್ಡಾ ಪ್ರಾಕ್ಸಿ ಇಂಟಿಗ್ರೇಶನ್‌ನಲ್ಲಿ (ಫಂಕ್ಷನ್ ಕೊಟ್ಟ ಉತ್ತರವೇ ವೆಬ್ ಉತ್ತರವಾಗುವ ಜೋಡಣೆ) ಸ್ಟೇಟಸ್ ಕೋಡ್ ಜೊತೆಗಿರುವ ಬಾಡಿ ಸ್ಟ್ರಿಂಗ್ ಆಗಿರಲೇಬೇಕು; ಅಲ್ಲಿ ಡಿಕ್ಷನರಿ (ಪೈಥಾನ್‌ನಲ್ಲಿ ಹೆಸರು-ಮೌಲ್ಯ ಜೋಡಿಗಳ ಗುಂಪು) ಇದ್ದರೆ ಫಂಕ್ಷನ್ ಯಶಸ್ವಿಯಾಗಿ ಮುಗಿದರೂ ಗೇಟ್‌ವೇ ಆ ಉತ್ತರವನ್ನು ತಿರಸ್ಕರಿಸಿ 502 ಕಳುಹಿಸುತ್ತದೆ. ಡಿಕ್ಷನರಿಯನ್ನು ಜೇಸನ್ ಡಂಪ್ಸ್‌ನಿಂದ ಸ್ಟ್ರಿಂಗ್ ಮಾಡಿದ ಕೂಡಲೇ 200 (ಯಶಸ್ಸಿನ ಕೋಡ್) ಬಂತು. ಲ್ಯಾಂಬ್ಡಾ ಕನ್ಸೋಲಿನ ಟೆಸ್ಟ್ ಗುಂಡಿ ಈ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಅದು ಫಂಕ್ಷನ್ ಮರಳಿಸಿದ್ದನ್ನು ಹಾಗೆಯೇ ತೋರಿಸುತ್ತದೆಯೇ ಹೊರತು ಗೇಟ್‌ವೇಯ ನಿಯಮಗಳಿಗೆ ಒಡ್ಡುವುದಿಲ್ಲ.

ಅಚ್ಚರಿಯ ಸಂಗತಿಯೆಂದರೆ, 2022ರಲ್ಲಿ ಬಂದ ಫಂಕ್ಷನ್ ಯುಆರ್‌ಎಲ್‌ನಲ್ಲಿ (ಗೇಟ್‌ವೇ ಇಲ್ಲದೆಯೇ ಲ್ಯಾಂಬ್ಡಾ ಫಂಕ್ಷನ್‌ಗೆ ಸಿಗುವ ನೇರ ವೆಬ್ ವಿಳಾಸ) ಸ್ಟೇಟಸ್ ಕೋಡ್ ಇಲ್ಲದ ಬರಿಯ ಡಿಕ್ಷನರಿ ಮರಳಿಸಿದರೂ ಅದನ್ನೇ ಬಾಡಿಯೆಂದು ಭಾವಿಸಿ 200 ಜೊತೆ ಕಳುಹಿಸಲಾಗುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ಗೇಟ್‌ವೇಯೇ ಬೇಕಿರಲಿಲ್ಲವೇನೋ! ಒಳಬರುವ ಬಾಡಿಯೂ ಸ್ಟ್ರಿಂಗ್ ಆಗಿಯೇ ಇರುವುದರಿಂದ ಅದನ್ನು ಜೇಸನ್ ಲೋಡ್ಸ್‌ಗೆ (ಸ್ಟ್ರಿಂಗನ್ನು ಮತ್ತೆ ಡಿಕ್ಷನರಿಯಾಗಿಸುವ ಫಂಕ್ಷನ್) ಕೊಟ್ಟ ನಂತರವೇ ಬಳಸಿ.