ಮಾತು ಬಾರದವನನ್ನ ಇಮ್‌ಟೆಕ್ಸ್ ಮೆಷಿನ್ ಮೇಳಕ್ಕೆ ಕಳಿಸ್ತಿದ್ದಾರೆ, ಹೇಗೆ ಸುಧಾರಿಸಲಿ?

ತಿಪಟೂರಿನವ:
ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡ್ಕೋತೀನಿ. ಎರಡು ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಡೆಸೋ ಲೇತ್), ಒಂದು ವಿಎಂಸಿ (ಮಿಲ್ಲಿಂಗ್ ಮೆಷಿನ್), ಒಟ್ಟು ಹನ್ನೊಂದು ಜನ. ಕೈಗೆ ಮೈಕ್ರೋಮೀಟರ್ ಕೊಟ್ಟರೆ ದಿನವಿಡೀ ಯಾರ ಜೊತೆಗೂ ಮಾತಾಡದೆ ಇರಬಲ್ಲೆ. ಈಗ ಓನರ್‌ಗೆ ಮಂಡಿ ನೋವು. ‘ಮುಂದಿನ ಇಮ್‌ಟೆಕ್ಸ್‌ಗೆ ನೀನೇ ಹೋಗು, ನಾಲ್ಕು ಜನರ ಪರಿಚಯ ಮಾಡ್ಕೊಂಡು ಬಾ, ಹೊರಗಿನವರ ಜಾಬ್ ವರ್ಕ್ ಕಡಿಮೆಯಾಗಿದೆ’ ಅಂದಿದ್ದಾರೆ.

2025ರಲ್ಲಿ ಅವರ ಜೊತೆ ಹೋಗಿದ್ದೆ. ಊಟದ ಹೊತ್ತಿಗೆ ಅವರು ಯಾರ್ಯಾರದೋ ಹೆಗಲ ಮೇಲೆ ಕೈ ಹಾಕಿದ್ದರು. ನನ್ನ ಗಳಿಕೆ ಎರಡು ಚೀಲ ಬ್ರೋಷರ್, ಆರು ಪೆನ್, ಒಂದು ಕೀ ಚೈನ್. ಒಂದು ಸ್ಟಾಲ್ ಮುಂದೆ ಮೂರು ಸಲ ಸುಮ್ಮನೆ ಹಾದುಹೋದೆ. ನಾಲ್ಕನೇ ಸಲ ಅಲ್ಲಿದ್ದ ಹುಡುಗಿಯೇ ‘ಟಾಯ್ಲೆಟ್ ಆ ಕಡೆ ಸರ್’ ಅಂದಳು.

ನನ್ನಂಥವರು ಯಾರಾದ್ರೂ ಇದ್ದರೆ ಹೇಗೆ ಮಾಡ್ತೀರಿ ಹೇಳಿ. ‘ಕಾನ್ಫಿಡೆನ್ಸ್ ಬೆಳೆಸ್ಕೊಳ್ಳಿ’ ಅನ್ನೋ ಉತ್ತರ ಮಾತ್ರ ಬೇಡ.

ಹಳೇ ಲೇತು:
ತಮ್ಮಾ, ಮೊದಲು ವರ್ಷ ನೋಡ್ಕೋ. ಬೆಸ ವರ್ಷದ್ದು ಮೆಟಲ್ ಕಟಿಂಗ್ (ಲೋಹ ಕೊರೆಯೋದು), ಸಮ ವರ್ಷದ್ದು ಫಾರ್ಮಿಂಗ್ (ಒತ್ತಿ, ಬಗ್ಗಿಸಿ ಆಕಾರ ಕೊಡೋದು). ಟರ್ನಿಂಗ್‌ನವನು ಫಾರ್ಮಿಂಗ್‌ಗೆ ಹೋದರೆ ಮದುವೆ ಮನೆ ತಪ್ಪಿ ಪಕ್ಕದ ಛತ್ರಕ್ಕೆ ನುಗ್ಗಿದ ಹಾಗೆ.

ನಾನೂ ಮಾತಿನ ಮಲ್ಲ ಅಲ್ಲ. ಜೇಬಲ್ಲಿ ಒಂದು ಪೀಸ್ ಇಟ್ಕೊಂಡು ಹೋಗ್ತೀನಿ, ಅಷ್ಟೇ. ನಾವು ಮಾಡಿದ್ದು, ಚೆನ್ನಾಗಿ ಬಂದಿದ್ದು. ದೊಡ್ಡ ಮೆಷಿನ್ ಕಂಪನಿಗಳ ಕಡೆ ಹೋಗಲ್ಲ, ಅಲ್ಲಿ ಸೂಟು ಹಾಕಿದ ಸೇಲ್ಸ್‌ನವರು ನಮ್ಮ ಹಿಂದಿರೋ ದೊಡ್ಡ ಗಿರಾಕಿಯನ್ನ ನೋಡ್ತಿರ್ತಾರೆ. ಟೂಲ್ ಹೋಲ್ಡರ್, ಇನ್ಸರ್ಟ್, ಕೂಲಂಟ್ ಮಾರೋ ಸಣ್ಣ ಸ್ಟಾಲ್‌ಗಳಲ್ಲಿ ಕೆಲಸ ಗೊತ್ತಿರೋ ಇಂಜಿನಿಯರೇ ನಿಂತಿರ್ತಾನೆ. ಪೀಸ್ ಮುಂದಿಟ್ಟು ‘ಒಳಗಿನ ಈ ಅಂಚಲ್ಲಿ ಬರ್ (ಚೂಪು ಲೋಹದ ಎಳೆ) ಬರ್ತಿದೆ, ಏನು ಮಾಡಬಹುದು?’ ಅನ್ನು. ಅವನು ಕೈಗೆ ತಗೊಂಡು ತಿರುಗಿಸಿ ನೋಡ್ತಾನೆ. ಆಮೇಲೆ ಅವನೇ ಮಾತಾಡ್ತಾನೆ, ನೀನು ತಲೆ ಆಡಿಸಿದ್ರೆ ಸಾಕು.

ಬೆಳಗ್ಗೆಯೇ ಹೋಗು, ಮಧ್ಯಾಹ್ನದ ಮೇಲೆ ಅವರಿಗೂ ಗಂಟಲು ಬಿದ್ದಿರುತ್ತೆ. ಐದು ಜನ ಸಾಕು. ಈಗ ಮೆಟ್ರೋ ಮೇಳ ನಡೆಯೋ ಮಾದಾವರದವರೆಗೂ ಇದೆಯಲ್ಲ, ವಾಪಸ್ ಬರುವಾಗ ಪ್ರತಿ ಕಾರ್ಡಿನ ಹಿಂದೆ ಏನು ಮಾತಾಯ್ತು ಅಂತ ಬರ್ಕೋ. ಎರಡು ದಿನದೊಳಗೆ ಅದನ್ನೇ ನೆನಪಿಸಿ ಮೆಸೇಜ್ ಹಾಕು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಮಾತ್ರ ಕಳಿಸ್ಬೇಡ.

ಪರ್ಚೇಸ್ ಅಕ್ಕ:
ನಾನು ಆರ್ಡರ್ ಕೊಡೋ ಕಡೆಯವಳು, ವೆಂಡರ್‌ಗಳನ್ನ ಹುಡುಕೋಳು. ಹಳೇ ಲೇತು ಸರ್, ಒಂದು ತಕರಾರು. ಗ್ರಾಹಕರ ಪಾರ್ಟನ್ನ ಜೇಬಲ್ಲಿಟ್ಕೊಂಡು ಊರೆಲ್ಲ ತೋರಿಸಿದ್ರೆ ನಾನಂತೂ ಅಂಥವರಿಗೆ ಡ್ರಾಯಿಂಗ್ ಕೊಡಲ್ಲ. ನಾಳೆ ನನ್ನದನ್ನೂ ತೋರಿಸ್ತಾರಲ್ಲ! ಸ್ವಂತದ್ದೊಂದು ಪೀಸ್ ಮಾಡಿಸ್ಕೊಳ್ಳಿ.

ಇನ್ನೊಂದು ವಿಷಯ. ‘ಎಲ್ಲಾ ಮಾಡ್ತೀವಿ ಮೇಡಂ’ ಅನ್ನೋರು ದಿನಕ್ಕೆ ಹತ್ತು ಜನ ಸಿಗ್ತಾರೆ. ‘ಹತ್ತು ಮೈಕ್ರಾನ್ ನಿಖರತೆ ನಮ್ಮಲ್ಲಿ ಆಗಲ್ಲ, ಇಪ್ಪತ್ತಾದ್ರೆ ಧೈರ್ಯವಾಗಿ ಕೊಡಿ’ ಅಂದ ಒಬ್ಬರು ಮೂರು ವರ್ಷದಿಂದ ನನ್ನ ವೆಂಡರ್.

ಬರೀ ಇಮ್‌ಟೆಕ್ಸನ್ನೇ ನಂಬಿ ಕೂರಬೇಡಿ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ಪ್ರಬಂಧ ಬರೆದ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನ, ‘ಅವರನ್ನ ಎಷ್ಟು ಸಲ ಭೇಟಿ ಆಗ್ತಿದ್ರಿ?’ ಅಂತ ಕೇಳಿದ್ದ. ಆಗಾಗ ಅಂದವರು ಶೇ. 16.7, ಅಪರೂಪಕ್ಕೊಮ್ಮೆ ಅಂದವರು ಶೇ. 27.8. ಉಳಿದವರೆಲ್ಲ ನಡುವಿನವರು. ಅಂದ್ರೆ ದೂರದ ಪರಿಚಯವೂ ಕೆಲಸಕ್ಕೆ ಬರುತ್ತೆ. ಅದು ನೌಕರಿ ಲೆಕ್ಕ, ಆದ್ರೆ ಆರ್ಡರ್ ಕೂಡ ಹೀಗೇ ಬರೋದನ್ನ ನೋಡಿದ್ದೀನಿ. ನಿಮ್ಮ ಡಿಪ್ಲೊಮಾ ಕ್ಲಾಸ್‌ಮೇಟ್‌ಗಳು, ಹೀಟ್ ಟ್ರೀಟ್‌ಮೆಂಟ್‌ನವರು, ಗೇಜ್ ಕ್ಯಾಲಿಬ್ರೇಷನ್‌ಗೆ ಬರೋ ಹುಡುಗ, ಮಾಲು ಒಯ್ಯೋ ಟೆಂಪೋದವರು. ಟೆಂಪೋದವರು ದಿನಕ್ಕೆ ಎಷ್ಟು ಗೇಟ್ ಒಳಗೆ ಹೋಗ್ತಾರೆ ಯೋಚಿಸಿ.

ಸುಮ್ನೆ ಓದೋನು:
ಆ ಆರು ಪೆನ್ನಲ್ಲಿ ಎಷ್ಟು ಇನ್ನೂ ಬರೀತಿವೆ?

ತಿಪಟೂರಿನವ:
ಒಂದು.

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ಮೇಲೆ ಮಿಕ್ಕ ಹಿತ್ತಾಳೆ ರಾಡಲ್ಲಿ ಒಂದು ಬುಗುರಿ ಮಾಡಿದೆ. ಸೆಂಟರ್ ಸ್ವಲ್ಪ ತಪ್ಪಿದ್ರೂ ಅಲುಗಾಡುತ್ತೆ, ಹಾಗಾಗಿ ನಮ್ಮ ಕೆಲಸ ಹೇಗೆ ಅಂತ ಬಾಯಿ ಬಿಟ್ಟು ಹೇಳ್ಬೇಕಿಲ್ಲ. ಸರ್ಫೇಸ್ ಪ್ಲೇಟ್ (ಅಳತೆಗೆ ಬಳಸೋ ಸಮತಟ್ಟು ಹಾಸು) ಮೇಲೆ ಬಿಡೋಕೆ ಮನಸ್ಸು ಬರಲಿಲ್ಲ, ಗಾಜಿನ ಮೇಲೆ ಬಿಟ್ಟೆ: 2 ನಿಮಿಷ 40 ಸೆಕೆಂಡ್. ಓನರ್ ನೋಡಿ ‘ಮೆಷಿನ್ ಟೈಮ್ ಯಾರ ಲೆಕ್ಕಕ್ಕೆ?’ ಅಂದರು. ಆಮೇಲೆ ತಾವೇ ಎರಡು ಸಲ ತಿರುಗಿಸಿದರು.

ಟೆಂಪೋ ಅಣ್ಣನಿಗೆ ಟೀ ಕೊಡಿಸಿದೆ. ಐದು ನಿಮಿಷ ಇಬ್ಬರೂ ಸುಮ್ಮನಿದ್ವಿ. ಅವರೂ ನನ್ನಂಥವರೇ ಅಂತ ಆಗ ಗೊತ್ತಾಯ್ತು. ಗ್ಲಾಸ್ ಇಡುವಾಗ ಹೇಳಿದರು, ದಾಬಸ್‌ಪೇಟೆಯಲ್ಲಿ ಒಬ್ಬರು ಬುಷ್ (ತೂತಿರೋ ಲೋಹದ ಬಳೆ) ಮಾಡೋರನ್ನ ಹುಡುಕ್ತಿದ್ದಾರಂತೆ. ನಂಬರ್ ಸಿಕ್ಕಿದೆ. ಫೋನ್ ಮಾಡಲೋ, ವಾಟ್ಸಾಪ್ ಹಾಕಲೋ?

ಹಳೇ ಲೇತು:
ಫೋನ್ ಮಾಡು ತಮ್ಮಾ.

ಪರ್ಚೇಸ್ ಅಕ್ಕ:
ಹನ್ನೊಂದರ ಮೇಲೆ ಮಾಡಿ. ಬೆಳಗ್ಗೆ ಮೀಟಿಂಗ್‌ನಲ್ಲಿ ಬೈಸ್ಕೊಂಡು ಬಂದಿರ್ತೀವಿ.